ಸಾಕು ಮೊಲದ ಮರದ ಗೂಡು: ವಿಷರಹಿತ ಸಂರಕ್ಷಣಾ ಕ್ರಮಗಳು

ಮನೆಯಂಗಳದಲ್ಲಿ ಒಂದೆರಡು ಮೊಲಗಳನ್ನು ಸಾಕುವವರು ಸಾಮಾನ್ಯವಾಗಿ ಮರದ ಗೂಡನ್ನು ಬಳಸುತ್ತಾರೆ. ಮೊಲದ ಹಲ್ಲು, ಮೂತ್ರ, ಮಳೆನೀರು ಹಾಗೂ ಗೆದ್ದಲುಗಳಿಂದ ಈ ಗೂಡು ಬೇಗನೆ ಶಿಥಿಲಗೊಳ್ಳುತ್ತದೆ. ಇದನ್ನು ತಡೆಯಲು ಬಾಗಿಲು, ಕಿಟಕಿಗಳಿಗೆ ಬಳಿಯುವ ಬಣ್ಣ ಅಥವಾ ಗೆದ್ದಲುನಾಶಕವನ್ನು ಗೂಡಿಗೂ ಬಳಿದರೆ, ಮೊಲವು ಮರವನ್ನು ಕಡಿದಾಗ ಆ ಲೇಪನವೂ ಅದರ ಹೊಟ್ಟೆ ಸೇರುತ್ತದೆ. ಮೊಲವು ವಾಂತಿ ಮಾಡಲಾರದು. ಆದ್ದರಿಂದ ನುಂಗಿದ ವಿಷ ಹೊರಬರುವುದಿಲ್ಲ.

ಮರ ಹಾಳಾಗಲು ಕಾರಣಗಳು

ಮೊಲದ ಬಾಚಿಹಲ್ಲುಗಳು ಜೀವನಪೂರ್ತಿ, ವಾರಕ್ಕೆ ಸುಮಾರು 2 ರಿಂದ 3 ಮಿ.ಮೀ.ನಷ್ಟು ಬೆಳೆಯುತ್ತವೆ. ಕಡಿಯುವುದು ಅದರ ಸಹಜ ಸ್ವಭಾವ. ಆದರೆ ಚಪ್ಪಟೆ ಹಲಗೆಯ ಮೇಲೆ ಹಲ್ಲಿಗೆ ಹಿಡಿತ ಸಿಗದ ಕಾರಣ ಅಂಚು, ಮೂಲೆ ಮತ್ತು ಸಂದುಗಳಿಂದಲೇ ಕಡಿಯಲಾರಂಭಿಸುತ್ತದೆ. ಮೂತ್ರವು ಕ್ಷಾರೀಯವಾಗಿದ್ದು, ಸುಣ್ಣದ ಅಂಶ ಹೆಚ್ಚಿರುವುದರಿಂದ ಹಲಗೆಯ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಸದಾ ತೇವಗೊಂಡ ಹಲಗೆ ಕೊಳೆಯುತ್ತದೆ.

ಬಳಸಬಾರದ ವಸ್ತುಗಳು

1. ಸುಟ್ಟ ಎಂಜಿನ್ ಆಯಿಲ್, ಡಾಂಬರು, ಕ್ರಿಯೋಸೋಟ್ ಮತ್ತು ಕ್ಲೋರ್‌ಪೈರಿಫಾಸ್‌ನಂತಹ ಗೆದ್ದಲುನಾಶಕಗಳು.
2. ಕರಾವಳಿಯಲ್ಲಿ ಮರಕ್ಕೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆ. ಇದು ಚರ್ಮ ಮತ್ತು ಬಾಯಿಯನ್ನು ಸುಡುತ್ತದೆ.
3. ಹಳೆಯ ಬಣ್ಣವಿರುವ ಮರ (ಸೀಸವಿರುವ ಸಾಧ್ಯತೆಯಿದೆ), ಅಂಟಿನಿಂದ ತಯಾರಿಸಿದ ಪ್ಲೈವುಡ್, ತಾಮ್ರ-ಕ್ರೋಮಿಯಂ-ಆರ್ಸೆನಿಕ್ ಸಂಯುಕ್ತದಿಂದ ಉಪಚರಿಸಿದ ಹಸಿರು ಛಾಯೆಯ ಮರ.
4. ಸರಕು ಸಾಗಣೆಯ ಪ್ಯಾಲೆಟ್ ಹಲಗೆಗಳಲ್ಲಿ 'ಎಂಬಿ' ಮುದ್ರೆಯಿದ್ದರೆ ಅವು ಮೀಥೈಲ್ ಬ್ರೋಮೈಡ್ ಧೂಮೋಪಚಾರಕ್ಕೆ ಒಳಗಾದವು, ಬಳಸಬೇಡಿ. 'ಎಚ್‌ಟಿ' ಎಂದರೆ ಶಾಖದಿಂದ ಮಾತ್ರ ಉಪಚರಿಸಿದವು.
5. ಕಡಿಯುವುದನ್ನು ಬಿಡಿಸಲು ಹಚ್ಚುವ ಖಾರದ ಪುಡಿ. ಇದು ಕಣ್ಣು, ಮೂಗುಗಳಿಗೆ ಉರಿ ತರುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ತಂತಿ ಬಲೆಯನ್ನು ಚೌಕಟ್ಟಿನ ಒಳಭಾಗಕ್ಕೆ ಬಡಿಯಿರಿ. ಇದರಿಂದ ಮರವು ಹಲ್ಲಿಗೆ ಎಟುಕದಂತೆ ಬಲೆಯ ಹೊರಗೆ ಉಳಿಯುತ್ತದೆ. ಬಲೆಯ ಚೂಪಾದ ತುದಿಗಳನ್ನು ಹೊರಕ್ಕೆ ಮಡಚಿರಿ.
2. ಒಳಗೆ ಉಳಿಯುವ ಅಂಚುಗಳಿಗೆ ಲೋಹದ ಎಲ್ ಆಕಾರದ ಪಟ್ಟಿಯನ್ನು ಅಳವಡಿಸಿರಿ.
3. ಮಲಗುವ ಹಲಗೆಯನ್ನು ತೆಗೆದು ಹಾಕುವಂತೆ ಮಾಡಿರಿ. ಎರಡು ಹಲಗೆಗಳಿದ್ದರೆ ಒಂದನ್ನು ತೊಳೆದು ಬಿಸಿಲಿಗೆ ಒಣಗಿಸುವಾಗ ಇನ್ನೊಂದನ್ನು ಬಳಸಬಹುದು.
4. ಗೂಡಿನ ಕಾಲುಗಳನ್ನು ಕಲ್ಲು ಅಥವಾ ಕಾಂಕ್ರೀಟ್ ಬಿಲ್ಲೆಯ ಮೇಲೆ ನಿಲ್ಲಿಸಿರಿ. ವಾರಕ್ಕೊಮ್ಮೆ ಪರಿಶೀಲಿಸಿ, ಗೆದ್ದಲಿನ ಮಣ್ಣಿನ ಜಾಡು ಕಂಡರೆ ಕೆರೆದು ತೆಗೆಯಿರಿ.
5. ಮಳೆಯ ಎರಚಲು ತಾಗದಂತೆ ಛಾವಣಿಯನ್ನು ಸುತ್ತಲೂ ಮುಂಚಾಚಿರಿ.
6. ಲೇಪನ ಅನಿವಾರ್ಯವಾದರೆ, ಶುದ್ಧ ಹಸಿ ಅಗಸೆ ಎಣ್ಣೆಯನ್ನು ಹೊರಮೈಗೆ ಮಾತ್ರ ತೆಳುವಾಗಿ ಬಳಿಯಿರಿ. 'ಬಾಯ್ಲ್ಡ್' ಎಂದು ಮಾರುವ ಅಗಸೆ ಎಣ್ಣೆಗೆ ಲೋಹದ ಲವಣಗಳನ್ನು ಬೆರೆಸಿರುವುದುಂಟು, ಅದು ಬೇಡ. ಹಸಿ ಎಣ್ಣೆ ಒಣಗಲು ವಾರಗಳೇ ಬೇಕು. ಅಂಟು ಮತ್ತು ವಾಸನೆ ಪೂರ್ಣವಾಗಿ ಹೋದ ನಂತರವೇ ಮೊಲವನ್ನು ಬಿಡಿರಿ. ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಇಟ್ಟರೆ ತಾನಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಬಯಲಿನಲ್ಲಿ ಒಣಗಿಸಿರಿ.

ಕಡಿಯಲು ಬೇರೆ ಆಸರೆ

ಒಣಹುಲ್ಲು ಸದಾ ದೊರೆಯುವಂತಿರಲಿ. ಹಲ್ಲುಗಳನ್ನು ಸವೆಸುವ ಮುಖ್ಯ ಆಹಾರ ಇದೇ. ಜೊತೆಗೆ ಹಿಪ್ಪುನೇರಳೆ ಅಥವಾ ಸೀಬೆಯ ಕಡ್ಡಿಗಳನ್ನು ನೀಡಿರಿ. ಕೀಟನಾಶಕ ಸಿಂಪಡಿಸಿದ ತೋಟದ ಕಡ್ಡಿ ಸಲ್ಲದು. ಕಣಗಿಲೆ ವಿಷಕಾರಿ, ಅದರ ಎಲೆ, ಕಡ್ಡಿಗಳು ಗೂಡಿನ ಬಳಿ ಸುಳಿಯಬಾರದು.

ಸ್ವಚ್ಛತೆ

ಬಿಳಿ ಪೊರೆಯನ್ನು ಸಮಪ್ರಮಾಣದ ನೀರು ಮತ್ತು ವಿನೆಗರ್ ಮಿಶ್ರಣದಿಂದ ಉಜ್ಜಿ ತೊಳೆದು ಒಣಗಿಸಿರಿ. ಬ್ಲೀಚಿಂಗ್ ದ್ರಾವಣವನ್ನು ವಿನೆಗರ್‌ನೊಂದಿಗೆ ಅಥವಾ ಮೂತ್ರವಿರುವ ಹಲಗೆಯ ಮೇಲೆ ಬಳಸಿದರೆ ವಿಷಾನಿಲ ಹೊಮ್ಮುತ್ತದೆ.

ಎಚ್ಚರಿಕೆ

ಮೊಲವು ಮೇವು ಬಿಟ್ಟರೆ, ಹಿಕ್ಕೆ ಹಾಕುವುದು ನಿಂತರೆ, ಜೊಲ್ಲು ಸುರಿಸಿದರೆ ಅಥವಾ ಮಂಕಾಗಿ ಕುಳಿತರೆ ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಿರಿ. ಗೂಡಿಗೆ ಯಾವುದಾದರೂ ಲೇಪನ ಬಳಿದಿದ್ದಲ್ಲಿ ಅದರ ಡಬ್ಬಿಯನ್ನೂ ಜೊತೆಗೆ ಕೊಂಡೊಯ್ದರೆ ಚಿಕಿತ್ಸೆಗೆ ಅನುಕೂಲವಾಗುತ್ತದೆ.