100 ಎಂಬಿಪಿಎಸ್ ಇದ್ದೂ ಮಾತು ತುಂಡಾಗುವುದೇಕೆ?

"ಸ್ಪೀಡ್ ಟೆಸ್ಟ್ ಮಾಡಿದರೆ 95 ಎಂಬಿಪಿಎಸ್ ತೋರಿಸುತ್ತದೆ. ಆದರೆ ಮೊಬೈಲಿನ ಫೋಟೊಗಳು ಕ್ಲೌಡ್‌ಗೆ ಏರತೊಡಗಿದರೆ ಸಾಕು, ವಿಡಿಯೊ ಕಾಲ್‌ನಲ್ಲಿ ದನಿ ತುಂಡಾಗುತ್ತದೆ. ಕಂಪನಿ ಬದಲಿಸಲೇ?" ಎಂದು ಓದುಗರೊಬ್ಬರು ಕೇಳಿದ್ದಾರೆ.

ವಿಡಿಯೊ ಕಾಲ್‌ಗೆ ನಾಲ್ಕೈದು ಎಂಬಿಪಿಎಸ್ ಧಾರಾಳ. ಅದಕ್ಕೆ ಬೇಕಾದದ್ದು ಹೊತ್ತಿಗೆ ಸರಿಯಾಗಿ ತಲುಪುವುದು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. 1000 ಕಿ.ಮೀ. ಕೇಬಲ್‌ನಲ್ಲಿ ಹೋಗಿ ಬರಲು ಅದಕ್ಕೆ 10 ಮಿಲಿಸೆಕೆಂಡ್ ಸಾಕು. ಹಾಗಾದರೆ ಸೆಕೆಂಡುಗಟ್ಟಲೆ ತಡ ಎಲ್ಲಿ ಆಗುತ್ತದೆ? ಎಷ್ಟೋ ಸಲ ನಮ್ಮ ಮನೆಯ ರೂಟರಿನಲ್ಲೇ.

ಇದು ಹೇಗೆಂದು ತಿಳಿಯಲು 1986ರ ಅಕ್ಟೋಬರಿಗೆ ಹೋಗಬೇಕು. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಅಂತರ ಬರೀ 400 ಗಜ. ಅವೆರಡನ್ನು ಜೋಡಿಸಿದ್ದ ಜಾಲದ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಎಲ್ಲ ಕಂಪ್ಯೂಟರುಗಳೂ ಒಟ್ಟಿಗೆ ಮಾಹಿತಿಯ ತುಣುಕುಗಳಾದ ಪ್ಯಾಕೆಟ್‌ಗಳನ್ನು ಸುರಿಯುತ್ತಿದ್ದವು. ವ್ಯಾನ್ ಜೇಕಬ್ಸನ್ ಮತ್ತು ಮೈಕೆಲ್ ಕ್ಯಾರಲ್ಸ್ ಇದಕ್ಕೊಂದು ಉಪಾಯ ಹೂಡಿ 1988ರಲ್ಲಿ ಪ್ರಕಟಿಸಿದರು: ಪ್ಯಾಕೆಟ್ ಕಳೆದುಹೋದರೆ ದಾರಿಯಲ್ಲಿ ದಟ್ಟಣೆ ಇದೆಯೆಂದು ತಿಳಿದು ಕಳಿಸುವವನು ವೇಗ ತಗ್ಗಿಸಬೇಕು. ಇಂಟರ್ನೆಟ್ ಇಂದಿಗೂ ಬಹುಮಟ್ಟಿಗೆ ನಿಂತಿರುವುದು ಈ ಸೌಜನ್ಯದ ಮೇಲೆ.

ಈ ಸೌಜನ್ಯ ಕೆಡುವುದು ಹೇಗೆಂದು ತಿಳಿಯಲು ಲಕ್ಷದೀಪೋತ್ಸವದ ದಿನದ ಧರ್ಮಸ್ಥಳವನ್ನು ನೆನೆಯಿರಿ. ಗುಡಿಯ ಬಾಗಿಲಲ್ಲಿ ಗಂಟೆಗೆ ಇಂತಿಷ್ಟೇ ಜನ ಒಳಹೋಗಬಲ್ಲರು. ಕಾಯುವ ಜಾಗ ಚಿಕ್ಕದಿದ್ದರೆ ಕೆಲವರು ಬಂದ ದಾರಿಗೆ ಮರಳುತ್ತಾರೆ. "ಇವತ್ತು ಬರಬೇಡಿ, ವಿಪರೀತ ರಶ್ಶು" ಎಂಬ ಸುದ್ದಿ ಊರು ಮುಟ್ಟುತ್ತದೆ, ಹೊರಡಲಿದ್ದವರು ನಿಲ್ಲುತ್ತಾರೆ. ಬದಲಿಗೆ ಹಾಲ್ ಮೇಲೆ ಹಾಲ್ ಕಟ್ಟಿ ಯಾರನ್ನೂ ಹಿಂದಕ್ಕೆ ಕಳಿಸದಿದ್ದರೆ ಸುದ್ದಿಯೇ ಹೊರಬೀಳದು, ಬಸ್ಸುಗಳು ಬರುತ್ತಲೇ ಇರುತ್ತವೆ. ಬಾಗಿಲು ಅಷ್ಟೇ ಅಗಲ. ಬೆಳೆಯುವುದು ಕಾಯುವ ಹೊತ್ತು. ಹೂವೊಂದನ್ನು ಕೊಟ್ಟು ಹೋಗಲು ಬಂದವನೂ ಐವತ್ತು ಬಸ್ಸಿನ ಜನರ ಹಿಂದೆ ನಿಲ್ಲಬೇಕು. ಆ ಬಸ್ಸುಗಳೇ ನಮ್ಮ ಫೋಟೊಗಳು, ಹೂವಿನವನೇ ವಿಡಿಯೊ ಕಾಲ್.

ರೂಟರಿನ ಕಾಯುವ ಹಾಲ್‌ಗೆ ಬಫರ್ ಎನ್ನುತ್ತಾರೆ. ಮೆಮೊರಿ ಅಗ್ಗವಾದಂತೆ ತಯಾರಕರು ಅದನ್ನು ಹಿಗ್ಗಿಸುತ್ತಾ ಹೋದರು. ಲೆಕ್ಕ ಹಾಕಿ: ಅಪ್‌ಲೋಡ್ 1 ಎಂಬಿಪಿಎಸ್, ಬಫರ್ 1 ಮೆಗಾಬೈಟ್ ಆದರೆ ತುಂಬಿದ ಬಫರ್ ಖಾಲಿಯಾಗಲು 8 ಸೆಕೆಂಡ್ ಬೇಕು! 2010ರಲ್ಲಿ ಬೆಲ್ ಲ್ಯಾಬ್ಸ್‌ನ ಜಿಮ್ ಗೆಟ್ಟಿಸ್ ತಮ್ಮ ಮನೆಯಿಂದ ಫೈಲ್ ಕಳಿಸುವಾಗ ಸೆಕೆಂಡಿಗೂ ಮಿಕ್ಕ ತಡ ಕಂಡು ಬೆನ್ನುಹತ್ತಿದರು; ಈ ರೋಗಕ್ಕೆ 'ಬಫರ್‌ಬ್ಲೋಟ್' ಎಂದು ಹೆಸರಿಟ್ಟರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಜೊತೆಗೂಡಿ ಮದ್ದು ತಂದವರು ಅದೇ ಜೇಕಬ್ಸನ್. 'ಕೋಡೆಲ್' ಎಂಬ ಅವರ ವಿಧಾನ ಸರತಿಯ ಉದ್ದವನ್ನು ಅಳೆಯುವುದಿಲ್ಲ, ಕಾದ ಹೊತ್ತನ್ನು ಅಳೆಯುತ್ತದೆ. ಕಾಯುವಿಕೆ 100 ಮಿಲಿಸೆಕೆಂಡ್ ಕಾಲ ಸತತವಾಗಿ 5 ಮಿಲಿಸೆಕೆಂಡ್ ಮೀರಿದರೆ ಪ್ಯಾಕೆಟೊಂದನ್ನು ಬೇಕೆಂದೇ ಬೀಳಿಸಿ ಸುದ್ದಿ ಮುಟ್ಟಿಸುತ್ತದೆ. ಎಷ್ಟು ಸೊಗಸಾದ ಯೋಚನೆ!

ಆದ್ದರಿಂದ ಕಂಪನಿಗಳನ್ನು ಜಾಹೀರಾತಿನ ಎಂಬಿಪಿಎಸ್ ನೋಡಿ ಹೋಲಿಸುವುದು ಸಾಲದು. ಆ ದೊಡ್ಡ ಅಂಕಿ ಸಾಮಾನ್ಯವಾಗಿ ಡೌನ್‌ಲೋಡ್‌ನದು. ಅಪ್‌ಲೋಡ್ ಎಷ್ಟೆಂದು ಒತ್ತಿ ಕೇಳಿ. ನಮ್ಮ ಸರ್ಕಾರದ ವ್ಯಾಖ್ಯೆಯೂ ವೇಗಕ್ಕೇ ಜೋತುಬಿದ್ದಿದೆ: ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು 2023ರಿಂದ ಕನಿಷ್ಠ 2 ಎಂಬಿಪಿಎಸ್ ಡೌನ್‌ಲೋಡ್ ಇದ್ದರಾಯಿತು. ತಡದ ಮಿತಿಗೆ ಆ ವ್ಯಾಖ್ಯೆಯಲ್ಲೂ ಜಾಗ ಸಿಗಬೇಕಿತ್ತು.

ಕಂಪ್ಯೂಟರನ್ನು ರೂಟರಿಗೆ ತಂತಿಯಿಂದ ಜೋಡಿಸಿ, ಜಾಲ ಸುಮ್ಮನಿದ್ದಾಗ ಒಮ್ಮೆ, ದೊಡ್ಡ ಫೈಲ್ ಅಪ್‌ಲೋಡ್ ಆಗುತ್ತಿರುವಾಗ ಇನ್ನೊಮ್ಮೆ ಪಿಂಗ್ (ಪ್ಯಾಕೆಟ್ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡ್) ನೋಡಿ. 15 ಇದ್ದದ್ದು 30 ಆದರೆ ಚಿಂತೆಯಿಲ್ಲ. 600 ಆದರೆ ರೋಗ ಇದೇ. ರಾತ್ರಿ ಎಂಟರಿಂದ ಹತ್ತರೊಳಗೂ ಅಳೆಯಿರಿ. ಒಂದೇ ಫೈಬರನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುವುದುಂಟು. ಸುಮ್ಮನಿರುವಾಗಲೇ ಆ ಹೊತ್ತಿನಲ್ಲಿ ಪಿಂಗ್ ಏರಿದರೆ ದೋಷ ಮನೆಯಾಚೆಗಿನದು, ಕಂಪನಿ ಬದಲಿಸಲು ಅದು ತಕ್ಕ ಕಾರಣ. ಹೊಸದನ್ನು ಮೊದಲು ತಿಂಗಳ ಪ್ಲಾನ್‌ನಲ್ಲೇ ಪರೀಕ್ಷಿಸಿ.

ಅಪ್‌ಲೋಡ್ ವೇಳೆ ಮಾತ್ರ ಏರಿದರೆ ರೂಟರಿನ ಸೆಟ್ಟಿಂಗ್‌ನಲ್ಲಿ 'ಎಸ್‌ಕ್ಯೂಎಂ' ಎಂಬ, ಕೋಡೆಲ್‌ನಂಥ ವಿಧಾನ ಬಳಸುವ ಸೌಲಭ್ಯ ಇದೆಯೇ ನೋಡಿ. ಅದನ್ನು ಚಾಲೂ ಮಾಡಿ, ವೇಗದ ಮಿತಿಯನ್ನು ಅಳೆದದ್ದರ ನೂರಕ್ಕೆ ತೊಂಬತ್ತರಷ್ಟಕ್ಕೆ ಇಡಿ. ವೇಗ ನೂರಕ್ಕೆ ಹತ್ತರಷ್ಟು ತಗ್ಗಿದರೂ ಫೋಟೊ ಏರುವಾಗ ಮಾತು ತುಂಡಾಗದು.