ಮಲಪ್ರಭೆಯ ದಡದಿಂದ ಸಂಸತ್ತಿಗೆ ಒಂದು ಮನವಿ

ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ ಅಕ್ಟೋಬರ್ 4ರಂದು. 2009ರಲ್ಲಿ ಆ ಹಬ್ಬಕ್ಕೆ ಕೆಲವೇ ದಿನ ಮುಂಚೆ ಸುರಿದ ಮಳೆಯನ್ನು ಬಾದಾಮಿ, ಹುನಗುಂದ ಭಾಗದ ಯಾರೂ ಮರೆತಿಲ್ಲ. ಮಲಪ್ರಭೆಯು ಉಕ್ಕಿ ಹರಿದು ಊರುಗಳನ್ನೇ ನುಂಗಿತು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ದೇಶದ ಮಟ್ಟಿಗೆ ಅದು ಬರಗಾಲದ ವರ್ಷವಾಗಿತ್ತೆಂಬುದು ವಿಚಿತ್ರವಾದರೂ ನಿಜ. ಸಂತ್ರಸ್ತರಿಗಾಗಿ 'ಆಸರೆ' ಯೋಜನೆಯಡಿ ಹೊಸ ಮನೆಗಳೆದ್ದವು. ಹತ್ತು ವರ್ಷಗಳ ತರುವಾಯ, 2019ರ ಆಗಸ್ಟ್‌ನಲ್ಲಿ, ಅದೇ ನದಿಯು ಪಟ್ಟದಕಲ್ಲಿನ ದೇಗುಲಗಳ ಅಂಗಳಕ್ಕೂ ನುಗ್ಗಿತು. 2023ರಲ್ಲಿ ಮತ್ತೆ ಬರ. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು.

ಇದೆಲ್ಲವನ್ನೂ ಹವಾಮಾನ ಬದಲಾವಣೆಯ ತಲೆಗೇ ಕಟ್ಟುವುದು ನ್ಯಾಯವಲ್ಲ. ನದಿಪಾತ್ರದ ಒತ್ತುವರಿ, ಅಣೆಕಟ್ಟಿನಿಂದ ನೀರು ಬಿಡುವ ರೀತಿ ಇವುಗಳಿಗೂ ಪಾಲುಂಟು. ಆದರೆ ಗಾಳಿಯು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಶೇಕಡ 7ರಷ್ಟು ಹೆಚ್ಚು ತೇವಾಂಶವನ್ನು ಹಿಡಿದಿಡಬಲ್ಲುದು. ಆದುದರಿಂದಲೇ ತಿಂಗಳುಗಟ್ಟಲೆ ಒಣಗಿಸುವ ಆಕಾಶವು ಎರಡೇ ದಿನಗಳಲ್ಲಿ ಎಲ್ಲವನ್ನೂ ಸುರಿದುಬಿಡುತ್ತದೆ. ಹಿಂಗಾರಿ ಜೋಳ, ಕಡಲೆಯ ಬಿತ್ತನೆಗೆ ಎರಿಭೂಮಿಯನ್ನು ಹದಮಾಡಿಕೊಂಡ ರೈತನಿಗೆ ಇದರ ವಿವರಣೆ ಬೇಕಿಲ್ಲ. ಇಳಕಲ್‌ನ ನೇಕಾರರ ಪಾಡು ಇನ್ನೊಂದು ಬಗೆಯದು. ಕುಣಿಮಗ್ಗದ ಕುಣಿಯಲ್ಲಿ ನೀರು ಜಿನುಗಿದರೆ ಕಾಲಿಟ್ಟು ನೇಯುವಂತಿಲ್ಲ. ಮಗ್ಗ ನಿಂತರೆ ಅಂದಿನ ಕೂಲಿಯೂ ನಿಂತಂತೆ. ಬಿದ್ದ ಗೋಡೆಯನ್ನು ಅಧಿಕಾರಿಗಳು ಬಂದು ಅಳೆಯಬಹುದು, ನಿಂತ ಮಗ್ಗದ ದಿನಗಳನ್ನು ಅಳೆಯುವವರಾರು?

ಇಂಥ ನಷ್ಟಕ್ಕೆ ನೆರವಾಗಲೆಂದೇ 2022ರಲ್ಲಿ ಈಜಿಪ್ತಿನಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನವು 'ನಷ್ಟ ಮತ್ತು ಹಾನಿ' ನಿಧಿಯೊಂದನ್ನು ಒಪ್ಪಿತು. ಮರುವರ್ಷ ದುಬೈಯಲ್ಲಿ ಅದು ಕಾರ್ಯರೂಪಕ್ಕೆ ಬಂದಿತು. ಶ್ರೀಮಂತ ರಾಷ್ಟ್ರಗಳು ಕೊಟ್ಟ ಹಣ ಮಾತ್ರ ಅಗತ್ಯದ ಮುಂದೆ ತೀರ ಅಲ್ಪ. 2024ರಲ್ಲಿ ಬಾಕುವಿನಲ್ಲಿ, 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರ್ ಹವಾಮಾನ ನೆರವು ಒದಗಿಸುವುದಾಗಿ ತೀರ್ಮಾನವಾದಾಗ, ಇದು ಸಾಲದೆಂದು ಭಾರತವು ಬಹಿರಂಗವಾಗಿಯೇ ಪ್ರತಿಭಟಿಸಿತು. ಆ ಪ್ರತಿಭಟನೆ ಸರಿಯಾದುದೇ. ಆದರೆ ತಲಾವಾರು ಲೆಕ್ಕದಲ್ಲಿ ಕಡಿಮೆಯಿದ್ದರೂ, ಒಟ್ಟು ಹೊಗೆಯುಗುಳುವಿಕೆಯಲ್ಲಿ ನಮ್ಮ ದೇಶವು ಜಗತ್ತಿಗೆ ಮೂರನೆಯದೆಂಬುದನ್ನು ಮರೆಮಾಚುವಂತಿಲ್ಲ. 2016ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಭಾರತವು ಪ್ಯಾರಿಸ್ ಒಪ್ಪಂದವನ್ನು ಸ್ಥಿರೀಕರಿಸಿತು. ಕೊಟ್ಟ ಮಾತನ್ನು ಉಳಿಸಿಕೊಂಡವರು ಇತರರನ್ನು ಕೇಳುವಾಗ ಧ್ವನಿಗೆ ಬಲವಿರುತ್ತದೆ.

ಇದು ರಾಜಕೀಯ, ದೇವಾಲಯದ ಮಾತಲ್ಲ ಎನ್ನುವವರುಂಟು. ಜಗದ್ಗುರು ಎರಡನೇ ಜಾನ್ ಪಾಲರು 1990ರ ಜನವರಿ 1ರ ವಿಶ್ವಶಾಂತಿ ದಿನದ ಸಂದೇಶವನ್ನು ಸೃಷ್ಟಿಯ ರಕ್ಷಣೆಗೇ ಮೀಸಲಿಟ್ಟಿದ್ದರು. 2015ರ 'ಲೌದಾತೋ ಸಿ' ವಿಶ್ವಪತ್ರದಲ್ಲಿ ಜಗದ್ಗುರು ಫ್ರಾನ್ಸಿಸರು, ಪ್ರಜೆಗಳು ಒತ್ತಾಯಿಸದಿದ್ದರೆ ಆಳುವವರಿಂದ ಪರಿಸರದ ಹಾನಿಯನ್ನು ತಡೆಯಲಾಗದೆಂಬ ಅರ್ಥದಲ್ಲಿ ಬರೆದರು. 2025ರ ಜುಲೈಯಲ್ಲಿ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ ಧರ್ಮಾಧ್ಯಕ್ಷರು ಒಟ್ಟಾಗಿ ಹವಾಮಾನ ನ್ಯಾಯದ ಕರೆಯನ್ನು ಹೊರಡಿಸಿದರು. ಏಷ್ಯಾದ ಪರವಾಗಿ ಮುಂದೆ ನಿಂತವರು ಗೋವಾದ ಮಹಾಧರ್ಮಾಧ್ಯಕ್ಷರಾದ ಕಾರ್ಡಿನಲ್ ಫಿಲಿಪ್ ನೇರಿ ಫೆರಾವೊ. ಮಲಪ್ರಭೆ ಹುಟ್ಟುವ ಕಣಕುಂಬಿಯಿಂದ ಗೋವಾದ ಗಡಿ ಅಷ್ಟೇನೂ ದೂರವಿಲ್ಲ. ನೀರಿಗಾಗಿ ಜಗಳವಾಡುವ ನೆರೆಯವರು ಈ ವಿಷಯದಲ್ಲಾದರೂ ಒಂದಾಗಬಹುದಲ್ಲವೇ?

ನಾವು ಸಂಖ್ಯೆಯಲ್ಲಿ ಕೆಲವೇ ಕುಟುಂಬಗಳು, ನಿಜ. ಆದರೆ ಬಾಗಲಕೋಟೆ, ಬಾದಾಮಿ, ಹುನಗುಂದಗಳ ಜೊತೆಗೆ ಇಳಕಲ್ ಸಹ ಒಂದೇ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ; ಮನವಿ ಒಂದೇ ಸಾಕು. ವಿದೇಶಿ ಒಪ್ಪಂದಗಳಿಗೆ ಸಹಿ ಹಾಕುವುದು ಕೇಂದ್ರ ಸರ್ಕಾರವಾದರೂ, ಅವುಗಳನ್ನು ಜಾರಿಗೊಳಿಸುವ ಕಾನೂನು ರಚಿಸುವ ಅಧಿಕಾರ ಸಂವಿಧಾನದ 253ನೇ ವಿಧಿಯಂತೆ ಸಂಸತ್ತಿನದು. ಪ್ಯಾರಿಸ್ ಒಪ್ಪಂದದ ಗುರಿಗಳಿಗೆ ಕಾನೂನಿನ ಬಲ ಯಾವಾಗ? ನಷ್ಟ ಪರಿಹಾರದ ಮಾತುಕತೆಯಲ್ಲಿ ನೇಕಾರನ, ಕೃಷಿ ಕೂಲಿಯವನ ನಷ್ಟವನ್ನು ನಮ್ಮ ಪ್ರತಿನಿಧಿಗಳು ಪ್ರಸ್ತಾಪಿಸುವರೇ? ಈ ಎರಡು ಪ್ರಶ್ನೆಗಳನ್ನು ಪ್ರಶ್ನೋತ್ತರ ವೇಳೆಯಲ್ಲಿ ಎತ್ತಬೇಕೆಂದು ಸಂಸದರನ್ನು ಕೇಳಿಕೊಳ್ಳೋಣ. ಶಾಸಕರಿಗೆ ಬೆಳಗಾವಿಯ ಸುವರ್ಣ ವಿಧಾನಸೌಧದ ಅಧಿವೇಶನವುಂಟು; ನೆರೆ ಮತ್ತು ಬರದ ಸಿದ್ಧತೆಯ ಪ್ರಶ್ನೆಯನ್ನು ಅಲ್ಲಿ ಅವರು ಎತ್ತಲಿ.

ಭಾನುವಾರದ ಬಲಿಪೂಜೆಯ ನಂತರ ಅರ್ಧ ಗಂಟೆ ಕುಳಿತರೆ ಪತ್ರ ಸಿದ್ಧವಾದೀತು. ನೆರೆಹೊರೆಯ ಹಿಂದೂ, ಮುಸಲ್ಮಾನ ಬಾಂಧವರ ಸಹಿಯನ್ನೂ ಪಡೆಯೋಣ, ನೀರು ಅವರ ಮನೆಗೂ ನುಗ್ಗಿತ್ತು. ಇಂಗ್ಲಿಷ್ ಬಾರದೆಂದು ಹಿಂಜರಿಯಬೇಕಿಲ್ಲ. ಪತ್ರ ಕನ್ನಡದಲ್ಲಿಯೇ ಇರಲಿ, ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಲು ಅವಕಾಶವಿದೆ.