ಮನೆಯೇ ಶಾಲೆಯಾದರೆ ಜತೆಗಾರರು ಯಾರು?

ಮಡಕಶಿರಾ ಸೀಮೆ 2022ರಿಂದ ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಜಿಲ್ಲೆ ಬದಲಾದರೂ ಅಗಳಿ, ರೊಳ್ಳ, ಅಮರಾಪುರಂ ಕಡೆಯ ನಾಲಿಗೆ ಬದಲಾಗಿಲ್ಲ. ಇಲ್ಲಿ ಮಕ್ಕಳು ಕನ್ನಡದಲ್ಲಿ ಜಗಳ ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತಾರೆ. ಆ ಜಗಳವೂ ಒಂದು ಪಾಠ ಎಂಬುದು ನನಗೆ ತಿಳಿದದ್ದು ಈಚೆಗೆ.

ನನ್ನ ತಮ್ಮನ ಮಗ 2021ರಲ್ಲಿ ಬೆಂಗಳೂರಿನ ಕೆಲಸ ಬಿಟ್ಟು ಹೊಲಕ್ಕೆ ಮರಳಿದ. ಕೊರೊನಾ ಕಾಲದಲ್ಲಿ ಮನೆಯಲ್ಲೇ ಕಲಿತ ಮಗಳನ್ನು ಮತ್ತೆ ಶಾಲೆಗೆ ಹಾಕಲಿಲ್ಲ. ಗಂಡ ಹೆಂಡತಿ ಇಬ್ಬರೂ ಕೂತು ಕನ್ನಡ, ತೆಲುಗು, ಲೆಕ್ಕ ಹೇಳಿಕೊಡುತ್ತಾರೆ. 14 ತುಂಬಿದ ಮೇಲೆ ಎನ್.ಐ.ಓ.ಎಸ್. ಮುಕ್ತ ಶಾಲೆಯ ಹತ್ತನೇ ತರಗತಿ ಪರೀಕ್ಷೆಗೆ ಕೂರಿಸುವ ಯೋಚನೆ.

ಓದಿನಲ್ಲಿ ಹುಡುಗಿ ಚುರುಕು. ಆದರೆ ಒಂದು ದಿನ ಬೀದಿಯ ಮಕ್ಕಳ ಜತೆ ಚೌಕಾಬಾರ ಆಡುವಾಗ, ಇನ್ನೇನು ಹಣ್ಣಾಗಬೇಕಿದ್ದ ಅವಳ ಕಾಯಿಯನ್ನು ಒಬ್ಬ ಹುಡುಗ ಕಡಿದ. ಇವಳು ಕವಡೆಗಳನ್ನು ಬೀದಿಗೆ ಎಸೆದಳು. "ಇನ್ನು ಇವಳ ಜತೆ ಆಡಲ್ಲ" ಎಂದು ಎಲ್ಲರೂ ಎದ್ದು ಹೋದರು. ಒಂದು ವಾರ ಯಾರೂ ನಮ್ಮ ಜಗಲಿ ಹತ್ತಲಿಲ್ಲ.

ತಪ್ಪು ನಮ್ಮದೂ ಇತ್ತು. ಮನೆಯಲ್ಲಿ ಅವಳ ಜತೆ ಆಡುವಾಗ ನಾನು ಬೇಕೆಂದೇ ಸೋಲುತ್ತಿದ್ದೆ. ಸೋಲಿನ ಪರಿಚಯವೇ ಅವಳಿಗೆ ಇರಲಿಲ್ಲ.

ಅಮೆರಿಕದಲ್ಲಿ 1994ರಲ್ಲಿ ಹುಟ್ಟಿದ ಕ್ಯಾಸೆಲ್ ಎಂಬ ಸಂಸ್ಥೆ ಈ ಕಲಿಕೆಯನ್ನು ಐದು ಭಾಗ ಮಾಡಿ ಹೇಳುತ್ತದೆ: ತನ್ನ ಮನಸ್ಸನ್ನು ಅರಿಯುವುದು, ಅದನ್ನು ಹಿಡಿತದಲ್ಲಿಡುವುದು, ಇತರರ ನೋವು ನಲಿವು ತಿಳಿಯುವುದು, ಸಂಬಂಧ ಉಳಿಸಿಕೊಳ್ಳುವುದು, ಯೋಚಿಸಿ ನಿರ್ಧರಿಸುವುದು. ಶಾಲೆಯಲ್ಲಿ ಬೆಂಚು ಹಂಚಿಕೊಳ್ಳುವಾಗ, ಸರದಿಯಲ್ಲಿ ನಿಲ್ಲುವಾಗ ಇದು ಅಷ್ಟಿಷ್ಟು ತಾನಾಗಿ ಬರುತ್ತದೆ. ಮನೆಯಲ್ಲಿ ಅದಕ್ಕೆ ನಾವೇ ಜಾಗ ಮಾಡಿಕೊಡಬೇಕು.

ಮೊದಲು ಮನಸ್ಸಿನಲ್ಲಿ ಆಗುವುದಕ್ಕೆ ಹೆಸರು ಹುಡುಕಿದೆವು. ಕನ್ನಡದಲ್ಲಿ ಸಿಟ್ಟು ಬೇರೆ, ಮುನಿಸು ಬೇರೆ; ತೆಲುಗಿನಲ್ಲಿ ಕೋಪಂ ಬೇರೆ, ಅಲಕ ಬೇರೆ. ಸಿಟ್ಟು ಎದುರಿಗಿದ್ದವರ ಮೇಲೆ ಹಾಯುತ್ತದೆ. ಮುನಿಸು ಅವರೇ ಬಂದು ಮಾತಾಡಿಸಲಿ ಎಂದು ಕಾಯುತ್ತದೆ. "ನಿಂದು ಯಾವುದಮ್ಮ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡೂ ಅಲ್ಲ ತಾತ, ನಾಚಿಕೆ" ಅಂದಳು. ಅದು ನನಗೆ ಹೊಳೆದೇ ಇರಲಿಲ್ಲ.

ಮಾರನೇ ದಿನ ತಾನೇ ಹೋಗಿ "ತಪ್ಪಾಯ್ತು" ಎಂದು ಬಂದಳು. ನಾವು ಯಾರೂ ಹಿಂದೆ ಹೋಗಲಿಲ್ಲ. ಮಕ್ಕಳು ಮತ್ತೆ ಬಂದರು. ಕಾಯಿ ಕಡಿದ ಹುಡುಗ ಮಾತ್ರ ತಿಂಗಳು ಕಾಲ ಬರಲಿಲ್ಲ. ಕ್ಷಮೆ ಕೇಳಿದ ಕೂಡಲೇ ಸಿಗುವುದಿಲ್ಲ ಎಂಬುದನ್ನೂ ಅವಳು ಕಲಿಯಬೇಕಿತ್ತು.

ಈಗ ಸಂಜೆ ಐದರ ಮೇಲೆ ಆ ಮನೆಯಲ್ಲಿ ಪುಸ್ತಕವಿಲ್ಲ. ಕುಂಟೆಬಿಲ್ಲೆಯೋ ಅಣ್ಣೆಕಲ್ಲೋ, ಬೀದಿಯೇ ತರಗತಿ. ಕಡಲೆಕಾಯಿ ಬಿಡಿಸುವ ಕಾಲದಲ್ಲಿ ಮಕ್ಕಳೆಲ್ಲ ಒಂದೇ ರಾಶಿ ಸುತ್ತ ಕೂರುತ್ತಾರೆ. ಹಂಚಿಕೆಯ ತಕರಾರು ಅವರೇ ಬಗೆಹರಿಸಿಕೊಳ್ಳಬೇಕು. ಏಟು ಬೀಳುವಂತಾದರೆ ಮಾತ್ರ ದೊಡ್ಡವರು ಏಳಬೇಕು. ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವವರು ಇಷ್ಟಾದರೂ ಮಾಡಬೇಕೆಂದು ನನ್ನ ಅರಿಕೆ.

ನಾನೂ ಬೇಕೆಂದು ಸೋಲುವುದು ಬಿಟ್ಟಿದ್ದೇನೆ. ಮೊನ್ನೆ ಅವಳೇ ನನ್ನ ಕಾಯಿ ಕಡಿದು, "ಬೇಜಾರಾಯ್ತಾ ತಾತ?" ಎಂದು ಕೇಳಿದಳು. ಆಯ್ತು ಅಂದೆ. "ಇನ್ನೊಂದಾಟ ಆಡಣ ಬಾ" ಎಂದು ಕವಡೆ ನನ್ನ ಕೈಗಿಟ್ಟಳು.